ಆಸ್ಪತ್ರೆಗಳಲ್ಲಿ ಹರಡುವ ಔಷಧ ನಿರೋಧಕ ಸೋಂಕುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಆಸ್ಪತ್ರೆಯ ಸೋಂಕುಗಳ ಬಗ್ಗೆ ಮಾತಿಗೆ ಕೂತಾಗಲೆಲ್ಲ, ಬರುವ ಪತ್ರಗಳಲ್ಲಿ ಮತ್ತು ಪ್ರತಿಕ್ರಿಯೆಗಳಲ್ಲಿ ಕೆಲವು ಪ್ರಶ್ನೆಗಳು ಬಿಡದೆ ಎದುರಾಗುತ್ತವೆ. ಅವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಒಟ್ಟುಮಾಡಿದ್ದೇನೆ. ಪ್ರತಿ ಉತ್ತರವನ್ನೂ ಬಿಡಿಯಾಗಿ ಓದಿಕೊಳ್ಳಬಹುದು. ಓದುವಾಗ ಒಂದು ಭೇದವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ: ನಿರೋಧಕ ಬ್ಯಾಕ್ಟೀರಿಯಾ ಹುಟ್ಟುವುದು ಒಂದು ಸಂಗತಿ, ಅದು ಒಬ್ಬ ರೋಗಿಯಿಂದ ಇನ್ನೊಬ್ಬ ರೋಗಿಗೆ ದಾಟುವುದು ಬೇರೆಯೇ ಸಂಗತಿ. ಹುಟ್ಟನ್ನು ನಿಧಾನಗೊಳಿಸಬಹುದಷ್ಟೆ, ದಾಟುವಿಕೆಯನ್ನು ಬಹುಮಟ್ಟಿಗೆ ತಡೆಯಬಹುದು. ಒಬ್ಬೊಬ್ಬ ರೋಗಿಯ ಚಿಕಿತ್ಸೆಯ ತೀರ್ಮಾನ ಮಾತ್ರ ಅವರನ್ನು ನೋಡುತ್ತಿರುವ ವೈದ್ಯರದ್ದೇ ಆಗಿರಬೇಕು.

## ಮೊದಲು ತಿಳಿಯಬೇಕಾದದ್ದು

ಆ್ಯಂಟಿಬಯಾಟಿಕ್ ಜಾಸ್ತಿ ತಗೊಂಡರೆ ನಮ್ಮ ಮೈ ಔಷಧಕ್ಕೆ ಒಗ್ಗಿಹೋಗುತ್ತದೆ ಅಂತಾರಲ್ಲ, ಔಷಧ ನಿರೋಧಕತೆ ಅಂದರೆ ಅದೇನಾ?

ಅಲ್ಲ. ಒಗ್ಗಿಕೊಳ್ಳುವುದು ಬ್ಯಾಕ್ಟೀರಿಯಾ, ಮೈಯಲ್ಲ. ನಮ್ಮ ಕರುಳಿನಲ್ಲಿರುವ ಇ. ಕೋಲೈಯಂಥ ಬ್ಯಾಕ್ಟೀರಿಯಾಕ್ಕೆ ಅನುಕೂಲ ಒದಗಿದರೆ ಸುಮಾರು 20 ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ಹೀಗೆ ಕೋಟಿಗಟ್ಟಲೆ ಪ್ರತಿಗಳು ತಯಾರಾಗುವಾಗ ಅಲ್ಲೊಂದು ಇಲ್ಲೊಂದು ತಪ್ಪು ನುಸುಳುತ್ತದೆ. ಆ ತಪ್ಪುಗಳಲ್ಲಿ ಯಾವುದೋ ಒಂದು ಔಷಧವನ್ನು ತಡೆದುಕೊಳ್ಳುವ ಗುಣವನ್ನು ತಂದುಕೊಡಬಹುದು. ಔಷಧ ಇಲ್ಲದಿದ್ದಾಗ ಆ ಒಂದಕ್ಕೆ ವಿಶೇಷ ಲಾಭವೇನೂ ಇಲ್ಲ. ಔಷಧ ಬಂದಾಗ ಮಾತ್ರ ಸುತ್ತಲಿನವೆಲ್ಲ ಸತ್ತು, ಅದಕ್ಕೆ ಜಾಗವೂ ಆಹಾರವೂ ತೆರವಾಗುತ್ತವೆ.

ಈ ವ್ಯತ್ಯಾಸವನ್ನು ಒತ್ತಿ ಹೇಳಲು ಕಾರಣವಿದೆ. "ನಾನು ಜೀವನದಲ್ಲಿ ಆ್ಯಂಟಿಬಯಾಟಿಕ್ ಮುಟ್ಟಿದವನೇ ಅಲ್ಲ, ನನಗೆ ಹೇಗೆ ಇಂಥ ಸೋಂಕು ಬಂತು?" ಎಂದು ಕೇಳುವವರಿದ್ದಾರೆ. ನಿರೋಧಕತೆ ರೋಗಿಯ ಗುಣವಲ್ಲದ ಕಾರಣ, ಬೇರೆಲ್ಲೋ ಬೇರೆ ಯಾರದೋ ಮೈಯಲ್ಲಿ ಹುಟ್ಟಿ ಬೆಳೆದ ಬ್ಯಾಕ್ಟೀರಿಯಾ ಅವರಿಗೆ ದಾಟಿರಬಹುದು. ಅದರಲ್ಲಿ ಅವರ ತಪ್ಪೇನೂ ಇಲ್ಲ.

ವಾಸಿಯಾಗಲಿ ಅಂತ ಹೋಗುವ ಜಾಗದಲ್ಲೇ ಇಂಥ ಸೋಂಕು ಯಾಕೆ ಹೆಚ್ಚು?

ಮೂರು ಸಂಗತಿಗಳು ಅಲ್ಲಿ ಒಂದೇ ಸೂರಿನಡಿ ಸೇರುತ್ತವೆ. ಕಾಯಿಲೆಯಿಂದ ಬಳಲಿ ರೋಗನಿರೋಧಕ ಶಕ್ತಿ ಕುಂದಿದವರು ಅಲ್ಲಿದ್ದಾರೆ. ಅವರಲ್ಲಿ ಅನೇಕರು ಒಂದಲ್ಲ ಒಂದು ಆ್ಯಂಟಿಬಯಾಟಿಕ್ ಪಡೆಯುತ್ತಿರುವುದರಿಂದ, ಸಾಮಾನ್ಯ ಬ್ಯಾಕ್ಟೀರಿಯಾ ಅಳಿದು ನಿರೋಧಕವಾದವು ಉಳಿಯುವ ಒತ್ತಡ ಹಗಲಿರುಳೂ ಇರುತ್ತದೆ. ಮೂರನೆಯದು ನಳಿಕೆಗಳು: ರಕ್ತನಾಳಕ್ಕೆ, ಮೂತ್ರಕೋಶಕ್ಕೆ, ಉಸಿರುನಾಳಕ್ಕೆ ಇಳಿಸಿದ ಪ್ರತಿಯೊಂದು ನಳಿಕೆಯೂ ಚರ್ಮ ಮತ್ತು ಲೋಳೆಪೊರೆ ಎಂಬ ಸಹಜ ಕೋಟೆಗೋಡೆಯಲ್ಲಿ ಮಾಡಿದ ಕಿಂಡಿ.

ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಹೊರತಂದ ವರದಿಯ ಪ್ರಕಾರ, ಆಸ್ಪತ್ರೆಗೆ ದಾಖಲಾದ ಪ್ರತಿ 100 ರೋಗಿಗಳಲ್ಲಿ ಶ್ರೀಮಂತ ದೇಶಗಳಲ್ಲಿ ಸುಮಾರು 7 ಮಂದಿಗೆ, ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಸುಮಾರು 15 ಮಂದಿಗೆ ಅಲ್ಲೇ ಕನಿಷ್ಠ ಒಂದು ಸೋಂಕು ತಗಲುತ್ತದೆ. ಕೈ ಸ್ವಚ್ಛತೆ ಮತ್ತು ಇತರ ಸರಳ ಕ್ರಮಗಳಿಂದ ಇಂಥ ಸೋಂಕುಗಳಲ್ಲಿ ಶೇ. 70ರವರೆಗೆ ತಡೆಯಬಹುದೆಂದೂ ಅದೇ ವರದಿ ಹೇಳುತ್ತದೆ. ನನ್ನನ್ನು ಹೆಚ್ಚು ಕಾಡುವುದು ಈ ಎರಡನೆಯ ಅಂಕಿ.

ಇದು ಗಾಳಿಯಲ್ಲಿ ಹರಡುತ್ತದೆಯೇ? ವಾರ್ಡಿನೊಳಗೆ ಕಾಲಿಟ್ಟರೆ ಅಂಟಿಕೊಳ್ಳುತ್ತದೆಯೇ?

ಈ ಪುಟದಲ್ಲಿ ಹೆಸರಿಸುವ ಬ್ಯಾಕ್ಟೀರಿಯಾಗಳ ಮುಖ್ಯ ದಾರಿ ಗಾಳಿಯಲ್ಲ, ಸ್ಪರ್ಶ. ಅದರಲ್ಲೂ ಆರೈಕೆ ಮಾಡುವವರ ಕೈ. ಒಬ್ಬ ರೋಗಿಯ ಗಾಯ ಮುಟ್ಟಿದ ಕೈ, ನಡುವೆ ಶುಚಿಯಾಗದೆ ಪಕ್ಕದ ಹಾಸಿಗೆಯ ರೋಗಿಯ ನಳಿಕೆಯನ್ನು ಮುಟ್ಟಿದರೆ ದಾರಿ ಪೂರ್ತಿಯಾಯಿತು. ಹಾಸಿಗೆಯ ಅಡ್ಡಪಟ್ಟಿ, ಸಲೈನ್ ಪಂಪಿನ ಗುಂಡಿ, ರಕ್ತದೊತ್ತಡ ನೋಡುವ ಪಟ್ಟಿ, ಸ್ಟೆತೊಸ್ಕೋಪು, ಮೊಬೈಲು ಇವು ನಡುವಿನ ತಂಗುದಾಣಗಳು. ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಒಣ ಮೇಲ್ಮೈಯಲ್ಲೂ ವಾರಗಟ್ಟಲೆ ಬದುಕಿರಬಲ್ಲದು. ರೋಗಿ ಮನೆಗೆ ಹೋದ ಮೇಲೂ ಅವರ ಹಾಸಿಗೆಯ ಸುತ್ತ ಅದು ಉಳಿದಿರುವುದು ಹೀಗೆ.

ನೀರಿನ ಜಾಗಗಳನ್ನು ಬಹಳ ಮಂದಿ ಮರೆಯುತ್ತಾರೆ. ಸಿಂಕಿನ ಕೊಳವೆಯೊಳಗೆ ಲೋಳೆಯಂಥ ಪದರ ಕಟ್ಟಿಕೊಂಡು ಸ್ಯೂಡೊಮೊನಾಸ್, ಕ್ಲೆಬ್ಸಿಯೆಲ್ಲಾ ಮುಂತಾದ ಬ್ಯಾಕ್ಟೀರಿಯಾಗಳು ನೆಲೆಸುತ್ತವೆ. ನಲ್ಲಿಯ ನೀರು ನೇರವಾಗಿ ಆ ಕೊಳವೆಯ ಬಾಯಿಗೇ ಬಿದ್ದರೆ ಹನಿಗಳು ಹೊರಗೆ ಸಿಡಿಯುತ್ತವೆ. ಆದ್ದರಿಂದ ಔಷಧ ಬೆರೆಸುವ ಮೇಜು ಸಿಂಕಿನ ಪಕ್ಕದಲ್ಲಿರಬಾರದು, ಉಳಿದ ಸಲೈನ್ ಅಥವಾ ಪಾನೀಯವನ್ನು ಕೈತೊಳೆಯುವ ಸಿಂಕಿಗೆ ಸುರಿಯಬಾರದು.

ಸುಮ್ಮನೆ ವಾರ್ಡಿಗೆ ಹೋಗಿ ಬರುವ ಆರೋಗ್ಯವಂತರಿಗೆ ಅಪಾಯ ಬಹಳ ಕಡಿಮೆ.

ನಿಜವಾಗಿ ಎಷ್ಟು ಜನ ಸಾಯುತ್ತಾರೆ? ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಾರೆ.

ಲೆಕ್ಕದ ಬಗೆಗಳೇ ಎರಡಿರುವುದರಿಂದ ಗೊಂದಲ. ಸೋಂಕು ನಿರೋಧಕವಾಗಿರದೆ ಔಷಧಕ್ಕೆ ಬಗ್ಗುವಂಥದ್ದಾಗಿದ್ದರೆ ಈ ರೋಗಿ ಬದುಕುತ್ತಿದ್ದರೇ ಎಂದು ಕೇಳಿ ಎಣಿಸುವುದು ಒಂದು ಬಗೆ. ಆ ಸೋಂಕೇ ಇರದಿದ್ದರೆ ಬದುಕುತ್ತಿದ್ದರೇ ಎಂದು ಕೇಳಿ ಎಣಿಸುವುದು ಇನ್ನೊಂದು. 2019ನೇ ಇಸವಿಗೆ ಜಗತ್ತಿನಾದ್ಯಂತ ಮಾಡಿದ ಅಂದಾಜಿನಲ್ಲಿ ಮೊದಲ ಬಗೆಯ ಸಾವುಗಳು 12.7 ಲಕ್ಷ, ಎರಡನೆಯ ಬಗೆಯವು 49.5 ಲಕ್ಷ. ಇವು ಆಸ್ಪತ್ರೆಯೊಳಗಿನ ಸಾವುಗಳಷ್ಟೇ ಅಲ್ಲ, ಹೊರಗಿನವೂ ಸೇರಿವೆ. ಪರಿಸ್ಥಿತಿ ಈಗಿನಂತೆಯೇ ಸಾಗಿದರೆ 2025ರಿಂದ 2050ರವರೆಗೆ ನಿರೋಧಕತೆಯೇ ನೇರ ಕಾರಣವಾದ ಸಾವುಗಳು ಒಟ್ಟು 3.9 ಕೋಟಿಗೆ ಮುಟ್ಟಬಹುದೆಂದು 2024ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ಎರಡು ಅಂಕಿಗಳನ್ನು ಹೋಲಿಸುವ ಮುನ್ನ ಅವು ಯಾವ ಬಗೆಯವು ಎಂದು ನೋಡಿಕೊಳ್ಳಿ.

ವರದಿಯಲ್ಲಿ ನಿರೋಧಕ ಬ್ಯಾಕ್ಟೀರಿಯಾ ಇದೆ ಅಂತ ಬಂದಿದೆ, ಆದರೂ ಔಷಧ ಕೊಡುತ್ತಿಲ್ಲ. ಇದು ನಿರ್ಲಕ್ಷ್ಯವಲ್ಲವೇ?

ಇದು ಬಹುಶಃ ನನಗೆ ಬರುವ ಪ್ರಶ್ನೆಗಳಲ್ಲೆಲ್ಲ ಹೆಚ್ಚು ಆತಂಕದಿಂದ ಕೂಡಿದ್ದು. ಬ್ಯಾಕ್ಟೀರಿಯಾ ನೆಲೆಯೂರಿರುವುದಕ್ಕೂ ಸೋಂಕು ಉಂಟುಮಾಡಿರುವುದಕ್ಕೂ ದೊಡ್ಡ ಅಂತರವಿದೆ. ಮೂಗು, ಚರ್ಮ, ಕರುಳು ಎಂದೂ ಬ್ಯಾಕ್ಟೀರಿಯಾ ಇಲ್ಲದ ಜಾಗಗಳಲ್ಲ. ಅಲ್ಲಿ ನಿರೋಧಕವಾದ ಒಂದು ಬಗೆಯೂ ಸೇರಿಕೊಂಡು ಯಾವ ತೊಂದರೆಯನ್ನೂ ಕೊಡದೆ ಇರಬಹುದು. ಬಹುದಿನದ ಮೂತ್ರನಳಿಕೆ ಇರುವವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಾಣುವುದಂತೂ ಸಾಮಾನ್ಯ. ಜ್ವರ, ರಕ್ತದೊತ್ತಡದ ಕುಸಿತ, ಕೀವು, ಹೊಸದಾಗಿ ಉಸಿರಾಟದ ತೊಂದರೆ ಇವೇನೂ ಇಲ್ಲದಿದ್ದಾಗ, ಬರೀ ವರದಿಗೆ ಚಿಕಿತ್ಸೆ ಕೊಟ್ಟರೆ ರೋಗಿಗೆ ಲಾಭವಿಲ್ಲ, ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಮಾತ್ರ ನಾಶವಾಗುತ್ತದೆ. ಆಗ ಔಷಧ ತಡೆಹಿಡಿಯುವುದು ಯೋಚಿಸಿ ಮಾಡಿದ ಚಿಕಿತ್ಸೆಯೇ.

ಆದರೆ ನೆಲೆಯೂರಿದ ಬ್ಯಾಕ್ಟೀರಿಯಾ ಇತರರಿಗೆ ದಾಟಬಲ್ಲದು, ಮುಂದೊಂದು ದಿನ ಅದೇ ರೋಗಿಯಲ್ಲೂ ಸೋಂಕಾಗಬಲ್ಲದು. ಹಾಗಾಗಿ ಔಷಧ ಬೇಡವೆಂದರೂ ಎಚ್ಚರಿಕೆ ಬೇಕೇ ಬೇಕು.

## ಹಾಸಿಗೆಯ ಪಕ್ಕದಿಂದ ಬರುವ ಪ್ರಶ್ನೆಗಳು

ಅಮ್ಮನನ್ನು ಪ್ರತ್ಯೇಕ ಕೋಣೆಗೆ ಹಾಕಿದ್ದಾರೆ. ಮುಟ್ಟಬಾರದೇ? ಮನೆಗೆ ಬಂದ ಮೇಲೆ ಮಕ್ಕಳನ್ನು ದೂರ ಇಡಬೇಕೇ?

ಮುಟ್ಟಬಹುದು, ಕೈ ಹಿಡಿದುಕೊಂಡು ಕೂರಬಹುದು. ಪ್ರತ್ಯೇಕ ಕೋಣೆಯ ಉದ್ದೇಶ ಆಚೆ ಬದಿಯ ದುರ್ಬಲ ರೋಗಿಗಳನ್ನು ಕಾಪಾಡುವುದು. ನಿಮ್ಮ ತಾಯಿಯನ್ನು ದೂರವಿಡುವುದಲ್ಲ. ಒಳಗೆ ಹೋಗುವಾಗ ಮತ್ತು ಹೊರಗೆ ಬರುವಾಗ ಕೈ ಶುಚಿ ಮಾಡಿಕೊಳ್ಳಿ, ಸಿಬ್ಬಂದಿ ಹೇಳಿದರೆ ಗೌನು ತೊಡಿ, ಅಲ್ಲಿಂದ ನೇರವಾಗಿ ಬೇರೆ ರೋಗಿಯ ಹಾಸಿಗೆಯ ಬಳಿ ಹೋಗಬೇಡಿ. ಪ್ರತ್ಯೇಕವಾಗಿಟ್ಟ ರೋಗಿಗಳ ಕೋಣೆಗೆ ಸಿಬ್ಬಂದಿ ಬರುವುದೇ ಕಡಿಮೆಯಾಗಿ ಅವರು ಒಂಟಿತನದಿಂದ ಕುಗ್ಗುವುದನ್ನು ಹಲವು ಅಧ್ಯಯನಗಳು ಗುರುತಿಸಿವೆ. ಮನೆಯವರು ಹೋಗಿ ಕೂರುವುದು ಅದಕ್ಕಾಗಿಯೇ ಮುಖ್ಯ.

ಮನೆಯಲ್ಲಿ ಆರೋಗ್ಯವಂತ ಮಕ್ಕಳನ್ನು ದೂರವಿಡಬೇಕಿಲ್ಲ. ಶೌಚದ ನಂತರ ಮತ್ತು ಊಟಕ್ಕೆ ಮುನ್ನ ಎಲ್ಲರೂ ಸೋಪಿನಿಂದ ಕೈ ತೊಳೆಯುವುದು, ಗಾಯವನ್ನು ಮುಚ್ಚಿಡುವುದು, ಟವೆಲನ್ನು ಹಂಚಿಕೊಳ್ಳದಿರುವುದು ಸಾಕು. ಮನೆಯಲ್ಲಿ ನವಜಾತ ಶಿಶುವೋ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರೋ ಇದ್ದರೆ ವೈದ್ಯರನ್ನು ಮೊದಲೇ ಕೇಳಿಕೊಳ್ಳಿ. ಮುಂದೆ ಯಾವ ಆಸ್ಪತ್ರೆಗೆ ದಾಖಲಾದರೂ ಹಿಂದೆ ಇಂಥ ಬ್ಯಾಕ್ಟೀರಿಯಾ ಸಿಕ್ಕಿತ್ತೆಂಬುದನ್ನು ಮೊದಲ ದಿನವೇ ಹೇಳಿ, ಹಳೆಯ ವರದಿಯನ್ನು ತೋರಿಸಿ.

ಕೈಗವಸು ಹಾಕಿಕೊಂಡೇ ಎಲ್ಲ ಮಾಡುತ್ತಾರಲ್ಲ, ಇನ್ನು ಕೈ ತೊಳೆಯುವ ಮಾತೇಕೆ?

ಕೈಗವಸು ತೊಟ್ಟವರ ಕೈಯನ್ನು ಕಾಪಾಡುತ್ತದೆ. ಅದೇ ಕೈಗವಸಿನಲ್ಲಿ ಎರಡನೆಯ ರೋಗಿಯನ್ನು ಮುಟ್ಟಿದರೆ ಆ ರೋಗಿಯನ್ನು ಅದು ಕಾಪಾಡುವುದಿಲ್ಲ. ಅದರಲ್ಲಿ ಕಣ್ಣಿಗೆ ಕಾಣದ ತೂತುಗಳಿರಬಹುದು, ಕಳಚುವಾಗ ಹೊರಮೈ ಬೆರಳಿಗೆ ತಾಗುತ್ತದೆ. ಆದ್ದರಿಂದ ತೆಗೆದ ಮೇಲೂ ಕೈ ಶುಚಿ ಮಾಡಿಕೊಳ್ಳಲೇಬೇಕು.

ಆಲ್ಕೋಹಾಲ್ ದ್ರಾವಣವಾದರೆ 20ರಿಂದ 30 ಸೆಕೆಂಡು, ಸೋಪು ನೀರಾದರೆ ಒಟ್ಟು 40ರಿಂದ 60 ಸೆಕೆಂಡು ಬೇಕು. ಕಣ್ಣಿಗೆ ಕೊಳೆ ಕಾಣದಿದ್ದಾಗ ಆಲ್ಕೋಹಾಲ್ ದ್ರಾವಣವೇ ಮೇಲು, ಏಕೆಂದರೆ ಹಾಸಿಗೆಯ ಪಕ್ಕದಲ್ಲೇ ಸಿಗುತ್ತದೆ, ಬೇಗ ಮುಗಿಯುತ್ತದೆ. ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಭೇದಿಕಾರಕದ ಬೀಜಕಗಳು ಮಾತ್ರ ಆಲ್ಕೋಹಾಲಿಗೆ ಸಾಯುವುದಿಲ್ಲ. ಅಲ್ಲಿ ಸೋಪು ಹಚ್ಚಿ ಉಜ್ಜಿ ತೊಳೆದೇ ಹೋಗಲಾಡಿಸಬೇಕು.

ಈ ಪಾಠ ಹೊಸದಲ್ಲ. 1847ರ ಮೇ ತಿಂಗಳಲ್ಲಿ ವಿಯೆನ್ನಾದ ಹೆರಿಗೆ ವಿಭಾಗವೊಂದರಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯರು, ಶವಪರೀಕ್ಷೆ ಮುಗಿಸಿ ಬರುವ ವೈದ್ಯರೂ ವಿದ್ಯಾರ್ಥಿಗಳೂ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ಕಡ್ಡಾಯ ಮಾಡಿದರು. ಏಪ್ರಿಲ್‌ನಲ್ಲಿ ನೂರಕ್ಕೆ ಸುಮಾರು 18ರಷ್ಟಿದ್ದ ಬಾಣಂತಿಯರ ಸಾವು ಜೂನ್‌ನಲ್ಲಿ ಸುಮಾರು 2ಕ್ಕೆ ಇಳಿಯಿತು. ಬ್ಯಾಕ್ಟೀರಿಯಾಗಳೇ ರೋಗ ತರುತ್ತವೆಂದು ಸಾಬೀತಾಗುವ ಮುಂಚಿನ ಮಾತಿದು.

ವೈದ್ಯರನ್ನು "ಕೈ ತೊಳೆದಿರಾ ಸಾರ್?" ಅಂತ ಕೇಳೋದು ಹೇಗೆ? ಅವರಿಗೆ ಕೋಪ ಬಂದರೆ?

ಈ ಸಂಕೋಚ ಸಹಜ. ಕೇಳಿಸಿಕೊಳ್ಳುವವರು ಬೇಸರಪಡಬಾರದೆಂಬ ವಾತಾವರಣವನ್ನು ಕಟ್ಟುವುದು ಆಸ್ಪತ್ರೆಯ ಹೊಣೆ, ರೋಗಿಯ ಹೊಣೆಯಲ್ಲ. ಆದರೂ ನೀವು ಕೇಳಬಹುದಾದ, ಕೈ ತೊಳೆಯುವ ಪ್ರಶ್ನೆಗಿಂತ ಸುಲಭವಾದ ಮಾತೊಂದಿದೆ: "ಈ ನಳಿಕೆ ಇವತ್ತೂ ಬೇಕೇ?" ಇದನ್ನು ಪ್ರತಿದಿನ ಕೇಳಿ. ಅಗತ್ಯ ಮುಗಿದ ಮೇಲೂ ಮರೆತು ಉಳಿದ ಮೂತ್ರನಳಿಕೆ ಅಥವಾ ರಕ್ತನಾಳದ ನಳಿಕೆ ಸೋಂಕಿಗೆ ತೆರೆದ ಬಾಗಿಲು.

ಅಮೆರಿಕದ ಮಿಷಿಗನ್ ರಾಜ್ಯದ 103 ತೀವ್ರ ನಿಗಾ ಘಟಕಗಳಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗವೊಂದು ಇಲ್ಲಿ ನೆನಪಿಡತಕ್ಕದ್ದು. ಕೈ ತೊಳೆಯುವುದು, ನಳಿಕೆ ಹಾಕುವಾಗ ಮೈ ಪೂರ್ತಿ ಮುಚ್ಚುವ ಶುದ್ಧ ಹೊದಿಕೆ, ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕದಿಂದ ಚರ್ಮದ ಶುಚಿ, ಸಾಧ್ಯವಾದಷ್ಟು ತೊಡೆಸಂದಿನ ಜಾಗ ಬಿಡುವುದು, ಬೇಡವಾದ ನಳಿಕೆ ತೆಗೆಯುವುದು: ಈ ಐದನ್ನೇ ಪಟ್ಟಿ ಮಾಡಿ ಪಾಲಿಸಿದರು. ಹೆಜ್ಜೆ ತಪ್ಪಿದರೆ ವೈದ್ಯರನ್ನು ಅಲ್ಲೇ ತಡೆಯುವ ಅಧಿಕಾರ ದಾದಿಯರಿಗಿತ್ತು. ಪ್ರತಿ 1,000 ನಳಿಕೆ-ದಿನಗಳಿಗೆ (ಒಬ್ಬ ರೋಗಿಗೆ ಒಂದು ದಿನ ನಳಿಕೆ ಇದ್ದರೆ ಅದೊಂದು ನಳಿಕೆ-ದಿನ) 2.7 ಇದ್ದ ರಕ್ತದ ಸೋಂಕಿನ ಮಧ್ಯಾಂಕ, ಅಂದರೆ ಘಟಕಗಳ ಅಂಕಿಗಳನ್ನು ಸಾಲಾಗಿಟ್ಟಾಗ ನಡುವೆ ಬರುವ ಅಂಕಿ, ಮೂರು ತಿಂಗಳೊಳಗೆ ಸೊನ್ನೆಗೆ ಇಳಿಯಿತು. ಪಟ್ಟಿಯಷ್ಟೇ ಮುಖ್ಯವಾದದ್ದು ದಾದಿಯರಿಗೆ ಸಿಕ್ಕ ಆ ಅಧಿಕಾರ ಎಂಬುದು ನನ್ನ ದೃಢ ಅಭಿಪ್ರಾಯ.

ಮೊದಲ ದಿನವೇ ಅತ್ಯಂತ ಬಲವಾದ ಆ್ಯಂಟಿಬಯಾಟಿಕ್ ಕೊಟ್ಟುಬಿಟ್ಟರೆ ಮುಗಿಯಿತಲ್ಲ?

"ಬಲವಾದ" ಎಂಬ ಮಾತೇ ದಾರಿ ತಪ್ಪಿಸುತ್ತದೆ. ಹೆಚ್ಚು ಬಗೆಯ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಔಷಧವು, ನಿಮ್ಮ ಸೋಂಕಿಗೆ ಕಾರಣವಾದ ಒಂದನ್ನು ಹೆಚ್ಚು ಚೆನ್ನಾಗಿ ಕೊಲ್ಲುತ್ತದೆಂದೇನೂ ಇಲ್ಲ. ಸ್ಟ್ಯಾಫಿಲೊಕಾಕಸ್ ಔರಿಯಸ್ ಎಂಬ ಬ್ಯಾಕ್ಟೀರಿಯಾ ಔಷಧಕ್ಕೆ ಬಗ್ಗುವಂಥದ್ದಾದರೆ ಹಳೆಯ ಕ್ಲಾಕ್ಸಸಿಲಿನ್ ಗುಂಪಿನ ಔಷಧವೇ ವ್ಯಾಂಕೊಮೈಸಿನ್‌ಗಿಂತ ಉತ್ತಮ. ಸೆಪ್ಟಿಕ್ ಶಾಕ್‌ನಲ್ಲಿರುವ, ಅಂದರೆ ಸೋಂಕು ಉಲ್ಬಣಿಸಿ ರಕ್ತದೊತ್ತಡ ಕುಸಿದಿರುವ ರೋಗಿಯ ಮಾತು ಬೇರೆ: ಅಲ್ಲಿ ಒಂದು ಗಂಟೆಯೊಳಗೆ ವಿಶಾಲ ವ್ಯಾಪ್ತಿಯ ಔಷಧ ಕೊಡಬೇಕು, ಕಾಯುವುದು ಪ್ರಾಣಕ್ಕೆ ಅಪಾಯ. ಆದರೆ ಔಷಧ ಶುರು ಮಾಡುವ ಮುನ್ನ ರಕ್ತದ ಮಾದರಿ ತೆಗೆದಿಟ್ಟುಕೊಂಡು, ವರದಿ ಬಂದಮೇಲೆ ಕಿರಿದಾದ ಔಷಧಕ್ಕೆ ಇಳಿಯಬೇಕು. ಹೀಗೆ ಇಳಿಯುವ ಧೈರ್ಯವೇ ಬಹಳ ಕಡೆ ಕಾಣುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2017ರಿಂದ ಆ್ಯಂಟಿಬಯಾಟಿಕ್‌ಗಳನ್ನು ಮೂರು ಗುಂಪು ಮಾಡಿದೆ: ಎಲ್ಲರಿಗೂ ಸುಲಭವಾಗಿ ಸಿಗಬೇಕಾದವು, ಕಣ್ಣಿಟ್ಟು ಬಳಸಬೇಕಾದವು, ಬೇರಾವುದೂ ಕೆಲಸ ಮಾಡದಾಗ ಮಾತ್ರ ಬಳಸಲು ಕಾದಿರಿಸಬೇಕಾದವು.

ಜ್ವರ ಬಿಟ್ಟರೂ ಕೋರ್ಸ್ ಪೂರ್ತಿ ಮುಗಿಸಲೇಬೇಕು, ಇಲ್ಲದಿದ್ದರೆ ನಿರೋಧಕತೆ ಬರುತ್ತದೆ ಅಂತಾರೆ. ನಿಜವೇ?

ಈ ಮಾತಿನಲ್ಲಿ ಅರ್ಧ ಮಾತ್ರ ನಿಜ. ಕ್ಷಯರೋಗದಲ್ಲಿ ಅದು ಪೂರ್ತಿ ನಿಜ; ಅಲ್ಲಿ ನಡುವೆ ಬಿಟ್ಟರೆ ನಿರೋಧಕತೆ ಬೆಳೆಯುತ್ತದೆ. ಆದರೆ ಸಾಮಾನ್ಯ ಸೋಂಕುಗಳಲ್ಲಿ ಔಷಧದ ದಿನಗಳು ಹೆಚ್ಚಿದಷ್ಟೂ ಕರುಳಿನ ಬ್ಯಾಕ್ಟೀರಿಯಾಗಳ ಮೇಲೆ ಒತ್ತಡ ಹೆಚ್ಚುತ್ತದೆ. 2024ರಲ್ಲಿ ಪ್ರಕಟವಾದ, ಏಳು ದೇಶಗಳ 3,600ಕ್ಕೂ ಹೆಚ್ಚು ರೋಗಿಗಳ ಪ್ರಯೋಗವೊಂದರಲ್ಲಿ ರಕ್ತದ ಸೋಂಕಿಗೆ 7 ದಿನದ ಚಿಕಿತ್ಸೆಯು 14 ದಿನದ ಚಿಕಿತ್ಸೆಗಿಂತ ಕಡಿಮೆಯೇನಲ್ಲ ಎಂದು ಕಂಡುಬಂದಿತು. ಸ್ಟ್ಯಾಫಿಲೊಕಾಕಸ್ ಔರಿಯಸ್ ಸೋಂಕಿನವರನ್ನು ಆ ಪ್ರಯೋಗದಿಂದ ಹೊರಗಿಟ್ಟಿದ್ದರು. ಅದಕ್ಕೆ ಹೆಚ್ಚು ದಿನ ಬೇಕು. ಹಾಗಾಗಿ ನೀವಾಗಿಯೇ ನಿಲ್ಲಿಸಬೇಡಿ, ಆದರೆ "ಎಷ್ಟು ಕಡಿಮೆ ದಿನ ಸಾಕು?" ಎಂದು ಅಗತ್ಯವಾಗಿ ಕೇಳಿ.

ಆಪರೇಷನ್ ಆದಮೇಲೆ ಮುನ್ನೆಚ್ಚರಿಕೆಗೆ ಅಂತ ಐದು ದಿನ ಆ್ಯಂಟಿಬಯಾಟಿಕ್ ಬರೆದಿದ್ದಾರೆ. ಬೇಕೇ?

ಸೋಂಕು ಇಲ್ಲದ ಸಾಮಾನ್ಯ ಶಸ್ತ್ರಚಿಕಿತ್ಸೆಯಲ್ಲಿ ಮುನ್ನೆಚ್ಚರಿಕೆಯ ಔಷಧ ಚರ್ಮ ಕೊಯ್ಯುವ ಮುನ್ನ ರಕ್ತದಲ್ಲಿರಬೇಕು. ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಅದನ್ನು ಮುಂದುವರಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ 2016ರ ಮಾರ್ಗಸೂಚಿ ಹೇಳುತ್ತದೆ. ನಿಮ್ಮದು ಬೇರೆ ಪರಿಸ್ಥಿತಿಯಾಗಿರಬಹುದು. ಕಾರಣ ಕೇಳಿ ತಿಳಿದುಕೊಳ್ಳಿ.

ಕಲ್ಚರ್ ವರದಿಗೆ ಎರಡು ಮೂರು ದಿನ ಯಾಕೆ ಬೇಕು? ಅದರಲ್ಲಿರುವ ಅಕ್ಷರ, ಅಂಕಿಗಳ ಅರ್ಥವೇನು?

ಬ್ಯಾಕ್ಟೀರಿಯಾ ಬೆಳೆಯಬೇಕು. ಮಾದರಿಯಿಂದ ಮೊದಲು ಕಣ್ಣಿಗೆ ಕಾಣುವಷ್ಟು ಬೆಳೆಸಿ, ಯಾವುದೆಂದು ಗುರುತಿಸಿ, ಆಮೇಲೆ ಬೇರೆ ಬೇರೆ ಔಷಧಗಳ ಜೊತೆ ಮತ್ತೆ ಬೆಳೆಸಿ ನೋಡಬೇಕು. ಪ್ರತಿ ಹಂತಕ್ಕೂ ಒಂದು ರಾತ್ರಿ ಬೇಕಾಗುತ್ತದೆ. ಕೆಲವು ಮುಖ್ಯ ನಿರೋಧಕ ಜೀನುಗಳನ್ನು ಕೆಲವೇ ಗಂಟೆಗಳಲ್ಲಿ ಹಿಡಿಯುವ ಪರೀಕ್ಷೆಗಳೂ ಬಂದಿವೆ. ಆದರೆ ಹುಡುಕಿದ ಜೀನು ಇಲ್ಲವೆಂದ ಮಾತ್ರಕ್ಕೆ ಔಷಧ ಕೆಲಸ ಮಾಡುತ್ತದೆಂಬ ಖಾತ್ರಿಯನ್ನು ಅವು ಕೊಡಲಾರವು.

ವರದಿಯಲ್ಲಿ 'ಎಸ್' ಎಂದರೆ ಆ ಔಷಧಕ್ಕೆ ಬಗ್ಗುತ್ತದೆ, 'ಆರ್' ಎಂದರೆ ನಿರೋಧಕ. 'ಐ' ಎಂಬುದನ್ನು ಅನೇಕರು "ಅರೆಬರೆ" ಎಂದು ಓದಿ ಔಷಧ ಬದಲಿಸುತ್ತಾರೆ. ಯುರೋಪಿನ ಮಾನದಂಡದಲ್ಲಿ 2019ರಿಂದ ಅದರ ಅರ್ಥ, ಪ್ರಮಾಣ ಹೆಚ್ಚಿಸಿದರೆ ಕೆಲಸ ಮಾಡುತ್ತದೆ ಎಂದು. ಪಕ್ಕದ ಅಂಕಿ ಬೆಳವಣಿಗೆಯನ್ನು ತಡೆಯಲು ಬೇಕಾದ ಕನಿಷ್ಠ ಪ್ರಮಾಣ. ಒಂದು ಔಷಧದ ಅಂಕಿಯನ್ನು ಇನ್ನೊಂದರ ಅಂಕಿಯೊಡನೆ ಹೋಲಿಸಿ, ಚಿಕ್ಕ ಅಂಕಿಯದೇ ಒಳ್ಳೆಯ ಔಷಧ ಎಂದು ಆರಿಸುವುದು ತಪ್ಪು. ಒಂದೊಂದು ಔಷಧ ರಕ್ತದಲ್ಲಿ ಒಂದೊಂದು ಮಟ್ಟಕ್ಕೆ ಏರುವುದರಿಂದ ಅವುಗಳ ಅಳತೆಗೋಲುಗಳೇ ಬೇರೆ. ಹೀಗೆ ಹೋಲಿಸಿ ಕೇಳುವ ಪತ್ರಗಳು ಬಹಳ ಬರುವುದರಿಂದ ಇಷ್ಟು ಬಿಡಿಸಿ ಬರೆದೆ.

## ಇನ್ನಷ್ಟು ಆಳಕ್ಕೆ

ಎಂಆರ್‌ಎಸ್‌ಎ, ವಿಆರ್‌ಇ, ಎನ್‌ಡಿಎಂ... ಇವೆಲ್ಲ ಒಂದೇ ಬಗೆಯವೇ?

ಅಲ್ಲ. ಕೆಲವು ಬ್ಯಾಕ್ಟೀರಿಯಾದ ಹೆಸರುಗಳು, ಕೆಲವು ಬ್ಯಾಕ್ಟೀರಿಯಾ ಹೊತ್ತಿರುವ ಕಿಣ್ವದ ಹೆಸರುಗಳು. ಎಂಆರ್‌ಎಸ್‌ಎ ಎಂದರೆ ಮೆತಿಸಿಲಿನ್ ನಿರೋಧಕ ಸ್ಟ್ಯಾಫಿಲೊಕಾಕಸ್ ಔರಿಯಸ್. ಮೆತಿಸಿಲಿನ್ ಬಳಕೆಗೆ ಬಂದದ್ದು 1959ರ ಸುಮಾರಿಗೆ, ಅದನ್ನು ತಡೆದುಕೊಳ್ಳುವ ತಳಿ ಬ್ರಿಟನ್ನಿನಲ್ಲಿ ವರದಿಯಾದದ್ದು 1961ರಲ್ಲಿ. ವಿಆರ್‌ಇ ಎಂದರೆ ವ್ಯಾಂಕೊಮೈಸಿನ್ ನಿರೋಧಕ ಎಂಟೆರೊಕಾಕಸ್. ಎನ್‌ಡಿಎಂ ಮತ್ತು ಕೆಪಿಸಿ ಎಂಬವು ಕಾರ್ಬಪೆನೆಮ್ ಎಂಬ ಪ್ರಮುಖ ಔಷಧಗಳ ಗುಂಪನ್ನೇ ಕತ್ತರಿಸುವ ಕಿಣ್ವಗಳು. ಇವು ಕ್ಲೆಬ್ಸಿಯೆಲ್ಲಾ, ಇ. ಕೋಲೈ ಮುಂತಾದ ಹಲವು ಬ್ಯಾಕ್ಟೀರಿಯಾಗಳಲ್ಲಿ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಪರಿಷ್ಕರಿಸಿದ ಪಟ್ಟಿಯ ತುತ್ತತುದಿಯ ಗುಂಪಿನಲ್ಲಿ ಕಾರ್ಬಪೆನೆಮ್ ನಿರೋಧಕ ಅಸಿನೆಟೊಬ್ಯಾಕ್ಟರ್ ಮತ್ತು ಕ್ಲೆಬ್ಸಿಯೆಲ್ಲಾ ಬಳಗದ ನಿರೋಧಕ ಬ್ಯಾಕ್ಟೀರಿಯಾಗಳಿವೆ.

ಒಂದು ಬ್ಯಾಕ್ಟೀರಿಯಾ ಕಲಿತದ್ದನ್ನು ಇನ್ನೊಂದಕ್ಕೆ ಕಲಿಸುತ್ತದೆ ಎಂಬುದು ಉತ್ಪ್ರೇಕ್ಷೆಯೇ?

"ಕಲಿಸುವುದು" ರೂಪಕ, ಆದರೆ ಅದರ ಹಿಂದಿನ ಸಂಗತಿ ಉತ್ಪ್ರೇಕ್ಷೆಯಲ್ಲ. ಬ್ಯಾಕ್ಟೀರಿಯಾ ಔಷಧದಿಂದ ಪಾರಾಗುವ ದಾರಿಗಳು ನಾಲ್ಕೈದೇ: ಔಷಧವನ್ನು ಕತ್ತರಿಸುವ ಕಿಣ್ವ ತಯಾರಿಸುವುದು, ಔಷಧ ಹೋಗಿ ಕೂರುವ ಜಾಗದ ಆಕಾರ ಬದಲಿಸುವುದು, ಒಳಬರುವ ರಂಧ್ರ ಮುಚ್ಚುವುದು, ಒಳಬಂದದ್ದನ್ನು ಪಂಪಿನಂತೆ ಹೊರಗೆ ತಳ್ಳುವುದು. ಇವುಗಳ ಜೀನುಗಳು ಅನೇಕ ಸಲ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದ ಮೇಲಿರುತ್ತವೆ. ಎರಡು ಬ್ಯಾಕ್ಟೀರಿಯಾ ಒಂದಕ್ಕೊಂದು ತಾಗಿ ನಿಂತಾಗ ಆ ಉಂಗುರದ ಪ್ರತಿ ಒಂದರಿಂದ ಇನ್ನೊಂದಕ್ಕೆ ಸಾಗುತ್ತದೆ, ಅವು ಬೇರೆ ಬೇರೆ ಜಾತಿಯವಾಗಿದ್ದರೂ ಸಹ. ಒಂದೇ ಉಂಗುರದಲ್ಲಿ ಐದಾರು ಔಷಧಗಳ ನಿರೋಧಕ ಜೀನುಗಳು ಸಾಲಾಗಿ ಕೂತಿರಬಹುದು. ಹಾಗಿದ್ದಾಗ ಅವುಗಳಲ್ಲಿ ಯಾವುದೇ ಒಂದು ಔಷಧ ಬಳಸಿದರೂ ಇಡೀ ಸಾಲು ಉಳಿದುಕೊಳ್ಳುತ್ತದೆ. ಕೊನೆಯ ಆಸರೆಯಂತಿದ್ದ ಕೊಲಿಸ್ಟಿನ್ ವಿರುದ್ಧವೂ ಹೀಗೆ ದಾಟಬಲ್ಲ ಜೀನು ಇದೆಯೆಂದು 2015ರಲ್ಲಿ ಚೀನಾದಿಂದ ವರದಿಯಾಯಿತು.

ಈ ಜೀನುಗಳು ಔಷಧಗಳಿಗಿಂತ ಬಹಳ ಹಳೆಯವು. ಸುಮಾರು 30,000 ವರ್ಷ ಹಳೆಯ ಹೆಪ್ಪುಗಟ್ಟಿದ ಮಣ್ಣಿನಲ್ಲೂ ಅವು ಸಿಕ್ಕಿವೆ. ಪೆನಿಸಿಲಿನ್ ಅನ್ನು ಹಾಳುಮಾಡುವ ಕಿಣ್ವವನ್ನು ಆಕ್ಸ್‌ಫರ್ಡಿನ ತಂಡ ವರದಿ ಮಾಡಿದ್ದು 1940ರ ಡಿಸೆಂಬರಿನಲ್ಲಿ. ಅದೇ ತಂಡ ಸೋಂಕಿನಿಂದ ನರಳುತ್ತಿದ್ದ ಮೊದಲ ರೋಗಿಗೆ ಪೆನಿಸಿಲಿನ್ ಕೊಟ್ಟದ್ದು 1941ರ ಫೆಬ್ರವರಿಯಲ್ಲಿ. ಹುಟ್ಟನ್ನು ನಿಲ್ಲಿಸಲಾಗದು ಎಂದು ಮೊದಲೇ ಹೇಳಿದ್ದು ಇದಕ್ಕೇ.

ಆಸ್ಪತ್ರೆಯಲ್ಲಿ ಯಾರಿಂದ ಯಾರಿಗೆ ದಾಟಿತು ಎಂದು ನಿಜವಾಗಿ ಪತ್ತೆ ಮಾಡಲು ಸಾಧ್ಯವೇ?

ಈಗ ಸಾಧ್ಯ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಸಂಶೋಧನಾ ಆಸ್ಪತ್ರೆಗೆ 2011ರ ಜೂನ್‌ನಲ್ಲಿ ಕೆಪಿಸಿ ಕಿಣ್ವ ಹೊತ್ತ ಕ್ಲೆಬ್ಸಿಯೆಲ್ಲಾ ಇದ್ದ ಒಬ್ಬ ರೋಗಿ ದಾಖಲಾದರು. ಮೊದಲ ದಿನದಿಂದಲೇ ಅವರನ್ನು ಪ್ರತ್ಯೇಕವಾಗಿಟ್ಟು ಎಚ್ಚರಿಕೆ ವಹಿಸಲಾಯಿತು. ಜುಲೈನಲ್ಲಿ ಅವರು ಬಿಡುಗಡೆಯಾದರು. ಅದಾಗಿ ಮೂರು ವಾರಗಳ ನಂತರ ಇನ್ನೊಬ್ಬರಲ್ಲಿ, ಆಮೇಲೆ ವಾರಕ್ಕೊಬ್ಬರಂತೆ ಮತ್ತಷ್ಟು ರೋಗಿಗಳಲ್ಲಿ ಅದೇ ಬ್ಯಾಕ್ಟೀರಿಯಾ ಕಾಣಿಸಿತು. ಒಟ್ಟು 18 ರೋಗಿಗಳಿಗೆ ಅದು ತಗುಲಿ, 11 ಮಂದಿ ತೀರಿಕೊಂಡರು. ಅವರಲ್ಲಿ 6 ಮಂದಿಯ ಸಾವಿಗೆ ಈ ಸೋಂಕೇ ಕಾರಣವೆಂದು ತೀರ್ಮಾನವಾಯಿತು. ಬ್ಯಾಕ್ಟೀರಿಯಾದ ಪೂರ್ತಿ ಜೀನೋಮನ್ನು ಓದಿ, ಡಿಎನ್‌ಎ ಅಕ್ಷರವೊಂದು ಅಲ್ಲಿ ಬದಲಾದದ್ದು, ಇನ್ನೊಂದು ಇಲ್ಲಿ ಬದಲಾದದ್ದನ್ನು ಜೋಡಿಸಿ ನೋಡಿದಾಗ, ಎಲ್ಲವೂ ಆ ಮೊದಲ ರೋಗಿಯಿಂದಲೇ ಹೊರಟದ್ದೆಂದೂ ಒಂದಕ್ಕಿಂತ ಹೆಚ್ಚು ಸಲ ದಾಟಿದೆಯೆಂದೂ ತಿಳಿಯಿತು. ಸಿಂಕಿನ ಕೊಳವೆಗಳಲ್ಲಿ ಮತ್ತು ಸ್ವಚ್ಛಗೊಳಿಸಿದ್ದ ಒಂದು ವೆಂಟಿಲೇಟರಿನಲ್ಲಿ ಅದೇ ಬ್ಯಾಕ್ಟೀರಿಯಾ ಸಿಕ್ಕಿತು.

ನಡುವಿನ ಆ ಮೂರು ವಾರ ಅದು ಎಲ್ಲಿತ್ತು? ಯಾವ ಲಕ್ಷಣವನ್ನೂ ತೋರದೆ ರೋಗಿಗಳ ಕರುಳಿನಲ್ಲಿ ನೆಲೆಯೂರಿರುವ ಸಾಧ್ಯತೆಯೇ ಹೆಚ್ಚು. ಜ್ವರ ಬಂದವರನ್ನಷ್ಟೇ ಪರೀಕ್ಷಿಸಿದರೆ ಸಾಲದು, ಅಪಾಯದಲ್ಲಿರುವ ಎಲ್ಲರನ್ನೂ ಹುಡುಕಿ ನೋಡಬೇಕೆಂಬುದನ್ನು ಇದು ತೋರಿಸಿತು. ಆ ಆಸ್ಪತ್ರೆ ತನ್ನಲ್ಲಾದದ್ದನ್ನು ಮುಚ್ಚಿಡದೆ 2012ರಲ್ಲಿ ಪ್ರಕಟಿಸಿದ್ದರಿಂದಲೇ ಉಳಿದವರು ಕಲಿತದ್ದು. "ನಮ್ಮಲ್ಲಿ ಇಂಥದ್ದೇನೂ ಇಲ್ಲ" ಎನ್ನುವ ಆಸ್ಪತ್ರೆಗಿಂತ, ಹುಡುಕಿದೆವು, ಇಷ್ಟು ಸಿಕ್ಕಿತು, ಇಷ್ಟು ಮಾಡಿದೆವು ಎನ್ನುವ ಆಸ್ಪತ್ರೆಯನ್ನೇ ನಾನು ನಂಬುತ್ತೇನೆ.

ಹೊಸ ಔಷಧ ಕಂಡುಹಿಡಿದರೆ ಈ ತಲೆನೋವೇ ಇರುವುದಿಲ್ಲವಲ್ಲ? ಯಾಕೆ ಬರುತ್ತಿಲ್ಲ?

ಬರುತ್ತಿವೆ, ಆದರೆ ಬೆರಳೆಣಿಕೆಯಷ್ಟು. ಸೆಫ್ಟಾಜಿಡಿಮ್-ಅವಿಬ್ಯಾಕ್ಟಾಮ್ 2015ರಲ್ಲಿ, ಸೆಫಿಡೆರೊಕಾಲ್ 2019ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದವು. ಕಷ್ಟ ಇರುವುದು ವಿಜ್ಞಾನದಲ್ಲಷ್ಟೇ ಅಲ್ಲ. ಹೊಸ ಆ್ಯಂಟಿಬಯಾಟಿಕ್ ಒಂದನ್ನು ಆದಷ್ಟು ಕಡಿಮೆ ಬಳಸಬೇಕು. ಕಡಿಮೆ ಬಳಸುವ ಔಷಧದಿಂದ ತಯಾರಕರಿಗೆ ಬಂಡವಾಳ ಮರಳುವುದಿಲ್ಲ. ಪ್ಲಾಜೊಮೈಸಿನ್ ಎಂಬ ಔಷಧಕ್ಕೆ 2018ರಲ್ಲಿ ಅನುಮತಿ ಪಡೆದ ಅಕಾಯೊಜೆನ್ ಕಂಪನಿ ಮರುವರ್ಷವೇ ದಿವಾಳಿಯಾಯಿತು. ಎಷ್ಟು ಮಾರಾಟವಾಯಿತೆಂದು ನೋಡದೆ, ಔಷಧ ಲಭ್ಯವಿರುವುದಕ್ಕೇ ವರ್ಷಕ್ಕಿಷ್ಟು ಎಂದು ಹಣ ಕೊಡುವ ಏರ್ಪಾಡನ್ನು ಇಂಗ್ಲೆಂಡ್ 2022ರಲ್ಲಿ ಸೆಫ್ಟಾಜಿಡಿಮ್-ಅವಿಬ್ಯಾಕ್ಟಾಮ್ ಮತ್ತು ಸೆಫಿಡೆರೊಕಾಲ್ ಔಷಧಗಳಿಗೆ ಆರಂಭಿಸಿತು. ನನಗೆ ತೋರುವಂತೆ ಇದು ಸರಿಯಾದ ದಾರಿ.

ಬ್ಯಾಕ್ಟೀರಿಯಾಗಳನ್ನೇ ತಿನ್ನುವ ಫೇಜ್ ವೈರಸ್‌ಗಳ ಚಿಕಿತ್ಸೆಯ ಬಗ್ಗೆಯೂ ಕೇಳುತ್ತಾರೆ. ಬೇರೆ ದಾರಿ ಇಲ್ಲದ ಕೆಲವು ರೋಗಿಗಳಲ್ಲಿ ಅದು ಫಲ ಕೊಟ್ಟಿದೆ. ಪ್ರತಿ ಬ್ಯಾಕ್ಟೀರಿಯಾ ತಳಿಗೂ ಹೊಂದುವ ಫೇಜನ್ನು ಹುಡುಕಬೇಕಾದ್ದರಿಂದ ಅದಿನ್ನೂ ವಾಡಿಕೆಯ ಚಿಕಿತ್ಸೆಯಾಗಿಲ್ಲ.

ಒಮ್ಮೆ ಬೇರೂರಿದ ಮೇಲೆ ಅದನ್ನು ಹಿಮ್ಮೆಟ್ಟಿಸಿದ ಉದಾಹರಣೆ ಎಲ್ಲಾದರೂ ಇದೆಯೇ?

ಇದೆ. ಇಂಗ್ಲೆಂಡಿನಲ್ಲಿ 2003-04ರಲ್ಲಿ ಎಂಆರ್‌ಎಸ್‌ಎ ರಕ್ತಸೋಂಕಿನ ಸುಮಾರು 7,700 ಪ್ರಕರಣಗಳು ವರದಿಯಾಗಿದ್ದವು. ಪ್ರತಿ ಆಸ್ಪತ್ರೆಯೂ ತನ್ನ ಲೆಕ್ಕವನ್ನು ಕಡ್ಡಾಯವಾಗಿ ಒಪ್ಪಿಸಬೇಕಿತ್ತು. 2004ರಲ್ಲಿ ಅದನ್ನು ಅರ್ಧಕ್ಕೆ ಇಳಿಸುವ ಗುರಿ ಇಟ್ಟರು. 2008-09ರ ಹೊತ್ತಿಗೆ ಅದು 3,000ಕ್ಕಿಂತ ಕೆಳಗೆ ಬಂದಿತ್ತು.

ಇಸ್ರೇಲಿನ ಉದಾಹರಣೆ ಇನ್ನೂ ಕಠಿಣವಾದದ್ದು, ಏಕೆಂದರೆ ಅಲ್ಲಿ ಹರಡಿದ್ದು ಕಾರ್ಬಪೆನೆಮ್ ನಿರೋಧಕ ಕ್ಲೆಬ್ಸಿಯೆಲ್ಲಾ. 2006ರಲ್ಲಿ ಶುರುವಾಗಿ ದೇಶದ ಆಸ್ಪತ್ರೆಗಳನ್ನೆಲ್ಲ ವ್ಯಾಪಿಸುತ್ತಿದ್ದಾಗ, ಒಂದೊಂದು ಆಸ್ಪತ್ರೆಯ ಪ್ರಯತ್ನವೂ ಬೇರೆಡೆಯಿಂದ ವರ್ಗವಾಗಿ ಬರುವ ರೋಗಿಗಳಿಂದ ವಿಫಲವಾಗುತ್ತಿತ್ತು. 2007ರ ಮಾರ್ಚ್‌ನಲ್ಲಿ ಆರೋಗ್ಯ ಸಚಿವಾಲಯವೇ ಮುಂದಾಗಿ, ಬ್ಯಾಕ್ಟೀರಿಯಾ ಹೊತ್ತ ಪ್ರತಿ ರೋಗಿಯ ವರದಿ, ಅವರಿಗೆ ಪ್ರತ್ಯೇಕ ಜಾಗ, ಅವರನ್ನಷ್ಟೇ ನೋಡಿಕೊಳ್ಳುವ ಪ್ರತ್ಯೇಕ ದಾದಿಯರು ಎಂಬ ಮೂರನ್ನು ಎಲ್ಲೆಡೆ ಕಡ್ಡಾಯ ಮಾಡಿತು. ಪಾಲಿಸುತ್ತಿದ್ದಾರೆಯೇ ಎಂದು ನೋಡಲು ತಂಡವೊಂದು ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಯಿತು. ಆ ತಿಂಗಳು ಪ್ರತಿ 1,00,000 ರೋಗಿ-ದಿನಗಳಿಗೆ (ಒಬ್ಬ ರೋಗಿ ಆಸ್ಪತ್ರೆಯಲ್ಲಿ ಕಳೆದ ಒಂದು ದಿನವೇ ಒಂದು ರೋಗಿ-ದಿನ) 55.5 ಇದ್ದ ಹೊಸ ಪ್ರಕರಣಗಳು 2008ರ ಮೇ ಹೊತ್ತಿಗೆ 11.7ಕ್ಕೆ ಇಳಿದವು. ಹೊಸ ಔಷಧದ ನೆರವಿನಿಂದ ಬಂದ ಇಳಿಕೆಯಲ್ಲ ಅದು; ಆ ಬ್ಯಾಕ್ಟೀರಿಯಾಕ್ಕೆ ಒಳ್ಳೆಯ ಔಷಧವೆಂಬುದೇ ಆಗ ಇರಲಿಲ್ಲ. ಆ ಮೂರು ಕ್ರಮಗಳಲ್ಲಿ ಅತಿ ಹೆಚ್ಚು ಖರ್ಚಿನದು ಪ್ರತ್ಯೇಕ ದಾದಿಯರನ್ನು ನೇಮಿಸುವುದು. ಒಬ್ಬರೇ ದಾದಿ ಹತ್ತಾರು ಹಾಸಿಗೆಗಳ ನಡುವೆ ಓಡಾಡುವ ವಾರ್ಡಿನಲ್ಲಿ ಪ್ರತಿ ಸ್ಪರ್ಶಕ್ಕೂ 20 ಸೆಕೆಂಡು ಕೈ ಉಜ್ಜಲು ಸಮಯವೇ ಉಳಿಯುವುದಿಲ್ಲ.